ಗಾಲಿ ಮುಟ್ಟಿ ನೋಡುತ್ತಿದ್ದ ಡಾಕ್ಟರಮ್ಮ

ಹೋದ ತಿಂಗಳು ನಮ್ಮ ಹಳೆಯ ಕಂಪೌಂಡರ್ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ, "ಡಾಕ್ಟರಮ್ಮ ಹೋಗ್ಬಿಟ್ರು ಕಣಮ್ಮ" ಎಂದರು. ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದರಂತೆ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ನಾನು ಕಾಫಿ ಮಾಡಿಕೊಟ್ಟೆ. ಇಬ್ಬರೂ ಸ್ವಲ್ಪ ಹೊತ್ತು ಹೊಸಕೋಟೆಯ ಆ ಕಾಲದ ಮಾತಾಡಿದೆವು. ಹೊರಡುವಾಗ ಅವರು, "ಎಂಥಾ ಗಂಡೆದೆ ಅಮ್ಮ ಅವರದು! ಆ ಕಾಲದಲ್ಲಿ ಹೆಂಗಸೊಬ್ಬರೇ ಕಾರು ಓಡಿಸ್ಕೊಂಡು ಹಳ್ಳಿಹಳ್ಳಿ ತಿರುಗ್ತಿದ್ರಲ್ಲ. ಭಯ ಅನ್ನೋದೇ ಗೊತ್ತಿರ್ಲಿಲ್ಲ" ಎಂದರು.

ಕಂಪೌಂಡರ್ ಆಸ್ಪತ್ರೆಯೊಳಗೇ ಇರುತ್ತಿದ್ದರು. ಆ ಕಾರಿನಲ್ಲಿ ಡಾಕ್ಟರಮ್ಮನ ಪಕ್ಕ ಕೂರುತ್ತಿದ್ದವಳು ನಾನು. ಅವರಷ್ಟು ಹೆದರುವ ಮನುಷ್ಯರನ್ನು ನಾನು ಬೇರೆ ನೋಡಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ನೆಲಮಂಗಲದ ಕಡೆಯವಳು. ದಾದಿಯ ತರಬೇತಿ ಮುಗಿಸಿ ಹೊಸಕೋಟೆಯ ಚಿಕ್ಕ ಹೆರಿಗೆ ಆಸ್ಪತ್ರೆಗೆ ಕೆಲಸಕ್ಕೆ ಬಂದಿದ್ದೆ. ಬಂದ ಮೊದಲ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಕಂಡದ್ದು, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾರಿನ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಒಬ್ಬ ಹೆಂಗಸು. ಕೈಯಲ್ಲಿ ಹೆರಿಗೆ ಕೋಣೆಯ ಹಳೆಯದೊಂದು ಇಕ್ಕಳ. ಅದರಲ್ಲಿ ಟೈರಿನ ಅಳಿದುಳಿದ ಗೀರುಗಳ ನಡುವೆ ಸಿಕ್ಕಿಕೊಂಡ ಕಲ್ಲುಚೂರುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಆಮೇಲೆ ಅಂಗೈಯನ್ನು ಟೈರಿನ ಮೈಮೇಲೆ ನಿಧಾನವಾಗಿ ಸುತ್ತಲೂ ಆಡಿಸಿದರು. ಬಸುರಿಯ ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆ ಎಂದು ನೋಡುವ ಹಾಗೆಯೇ ಇತ್ತು ಅದು.

"ಹೊಸ ನರ್ಸಾ? ಬಾ ಇಲ್ಲಿ" ಎಂದು ಕರೆದರು. "ನಾನು ಕಾರನ್ನ ಮೆಲ್ಲಗೆ ಮುಂದಕ್ಕೆ ಬಿಡ್ತೀನಿ. ನೀನು ಎದುರಿಗೆ ನಿಂತ್ಕೊಂಡು ಗಾಲಿಗಳು ನೆಟ್ಟಗೆ ಸುತ್ತುತ್ತವಾ, ಓಲಾಡುತ್ತವಾ ಹೇಳಬೇಕು."

ನಾನು ಅದುವರೆಗೆ ಕಾರನ್ನು ಅಷ್ಟು ಹತ್ತಿರದಿಂದ ನೋಡಿದವಳೇ ಅಲ್ಲ. ಗುರ್ರೆನ್ನುತ್ತ ನನ್ನ ಕಡೆಗೇ ಬರುತ್ತಿದ್ದ ಅದರ ಎದುರು ಕಣ್ಣು ಮುಚ್ಚಿ ನಿಂತುಬಿಟ್ಟೆ. ಕಾರು ನಿಂತಿತು. ಅವರು ಇಳಿದು ಬಂದು ನನ್ನ ಮುಖ ನೋಡಿದರು.

"ಹೆದರಿಕೆ ಆಯ್ತಾ?"

"ಇಲ್ಲ ಅಮ್ಮ."

"ನನಗೆ ಆಗುತ್ತೆ. ದಿನಾ ಆಗುತ್ತೆ. ಅದಕ್ಕೇ ನೋಡು ಅಂದಿದ್ದು."

ಹಾಸ್ಯಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ. ಆದರೆ ಆ ದಿನ ಪಕ್ಕದಲ್ಲಿ ಕೂತು ಹೋಗುವಾಗ ಸ್ಟೀರಿಂಗ್ ಮೇಲಿನ ಅವರ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದನ್ನು ನೋಡಿದೆ. ಮಡಿಲಲ್ಲಿ ಒಂದು ಕರವಸ್ತ್ರ ಇರುತ್ತಿತ್ತು. ಆಗಾಗ ಒಂದೊಂದು ಕೈಯನ್ನು ಅದಕ್ಕೆ ಒರೆಸಿಕೊಳ್ಳುತ್ತಿದ್ದರು. ಮದರಾಸು ರಸ್ತೆಯಲ್ಲಿ ಮಿಲಿಟರಿ ಲಾರಿಗಳ ಸಾಲು ಬಂದರೆ ಕಾರನ್ನು ಹುಣಸೆಮರದ ಬುಡಕ್ಕೆ ಇಳಿಸಿ ನಿಲ್ಲಿಸುತ್ತಿದ್ದರು. ಕೊನೆಯ ಲಾರಿ ಹೋಗಿ ಧೂಳು ಅಡಗುವವರೆಗೂ ಕದಲುತ್ತಿರಲಿಲ್ಲ. ಮತ್ತೆ ಹೊರಡುವ ಮೊದಲು ಕೆಳಗಿಳಿದು ನಾಲ್ಕೂ ಗಾಲಿಗಳ ನಟ್ಟುಗಳನ್ನು ಪಾನದಿಂದ, ಅಂದರೆ ಸ್ಪ್ಯಾನರಿನಿಂದ, ಒತ್ತಿ ನೋಡುವುದು. ಜನ ನಗುತ್ತಿದ್ದರು. "ಡಾಕ್ಟ್ರಮ್ಮ ಕಾರಿಗೂ ನಾಡಿ ಹಿಡಿದು ನೋಡ್ತಾರೆ" ಎಂದು ಸಂತೆಯಲ್ಲೆಲ್ಲ ಮಾತು.

ಸಂತೆ ಎಂದರೆ ಅವರಿಗೆ ಇನ್ನೊಂದು ದಿಗಿಲು. ಸಂತೆಯ ಮಾರನೆಯ ದಿನ ರಸ್ತೆಯ ತುಂಬ ಎತ್ತಿನ ಲಾಳದ ಮೊಳೆಗಳು ಉದುರಿರುತ್ತಿದ್ದವು. ಅಂಥ ದಿನ ಎತ್ತಿನ ಗಾಡಿಗಿಂತ ನಿಧಾನವಾಗಿ ಕಾರು ಬಿಡುತ್ತಿದ್ದರು. ನಾನು ತಲೆ ಹೊರಗೆ ಹಾಕಿ ನೆಲ ನೋಡುತ್ತ ಕೂರಬೇಕು. ಬೇಸಗೆಯಲ್ಲಿ ಟೈರುಗಳಿಗೆ ಬಿಸಿಲು ತಾಗಬಾರದೆಂದು ಕಾರನ್ನು ಹೊಂಗೆ ಮರದಡಿ ನಿಲ್ಲಿಸಿ, ನಾಲ್ಕಕ್ಕೂ ಹಸಿ ಗೋಣಿಚೀಲ ಹೊದಿಸುತ್ತಿದ್ದರು.

ಇದೆಲ್ಲ ಬರೀ ಹುಚ್ಚಲ್ಲ. ರಬ್ಬರು ಬರುತ್ತಿದ್ದ ದೇಶಗಳೆಲ್ಲ ಜಪಾನಿನವರ ಕೈಗೆ ಹೋಗಿದ್ದವು. ಇದ್ದಬದ್ದ ಟೈರೆಲ್ಲ ಮಿಲಿಟರಿಗೆ. ನಮ್ಮ ಕಾರಿನ ಟೈರುಗಳು ಬೋಳಾಗಿ, ಅಲ್ಲಲ್ಲಿ ಒಳಗಿನ ನೂಲು ಕಾಣುತ್ತಿತ್ತು. ಒಂದಕ್ಕಂತೂ ಮೈ ಸೀಳಿಹೋಗಿದ್ದ ಕಡೆ ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ದಾರದಲ್ಲಿ ಹೊಲಿಗೆ ಹಾಕಿಸಿ, ಒಳಗೆ ತೊಗಲಿನ ತೇಪೆ ಇಡಿಸಿದ್ದರು. ಅದನ್ನು ಓಡಿಸಲು ಧೈರ್ಯವಿಲ್ಲದೆ ಸ್ಟೆಪ್ನಿಯಾಗಿ ಹಿಂದೆ ಕಟ್ಟಿಕೊಂಡು ತಿರುಗುತ್ತಿದ್ದೆವು.

ಹೆದರಿಕೆ ಎಲ್ಲಿಂದ ಬಂತು ಎಂಬುದನ್ನು ಅವರು ನನಗೆ ಒಂದೇ ಸಲ ಹೇಳಿದರು. ಒಂದು ಹಳ್ಳಿಯಲ್ಲಿ ಹೆರಿಗೆ ಮುಗಿಸಿ ಹಿಂದಿರುಗುತ್ತಿದ್ದಾಗ, ಲಾರಿಗಳಿಗೆ ದಾರಿ ಬಿಟ್ಟು ಮರದ ಕೆಳಗೆ ನಿಂತಿದ್ದೆವು. ಕೇಳದೆಯೇ ಶುರುಮಾಡಿದರು.

"ನಮ್ಮಮ್ಮ ಮುಂದಿನ ಸೀಟಿನಲ್ಲಿದ್ರು. ಬಾಡಿಗೆ ಕಾರು. ನನ್ನ ತಂಗಿ ಮದುವೆ ಮುಗಿಸ್ಕೊಂಡು ಬರ್ತಿದ್ವಿ. ನಾನು ಹಿಂದೆ ಕೂತಿದ್ದೆ. ಒಂದು ಚಕ್ರ ನಮ್ಮನ್ನ ದಾಟಿಕೊಂಡು ಮುಂದೆ ಓಡಿಹೋಗ್ತಿರೋದು ಕಾಣಿಸ್ತು. ಯಾರದ್ದೋ ಚಕ್ರ ಹೋಗ್ತಿದೆ ಅಂದ್ಕೊಂಡೆ ಕಣೇ. ನಮ್ಮದೇ ಅಂತ ತಿಳಿಯೋ ಹೊತ್ತಿಗೆ ಕಾರು ಮಗುಚಿತ್ತು. ಅಮ್ಮನಿಗೆ ಜೀವ ಇತ್ತು, ಸ್ವಲ್ಪ ಹೊತ್ತು. ನಾನು ಆಗಷ್ಟೇ ಡಾಕ್ಟರಾಗಿದ್ದೆ. ಏನೂ ಮಾಡೋಕಾಗ್ಲಿಲ್ಲ."

ಅದಾದ ಮೇಲೂ ಯಾಕೆ ಕಾರು ಓಡಿಸೋದು ಕಲಿತಿರಿ ಎಂದು ಕೇಳಿದೆ.

"ಬೇರೆಯವರು ಓಡಿಸೋ ಕಾರಿನಲ್ಲಿ ಕೂರೋಕೆ ಇನ್ನೂ ಜಾಸ್ತಿ ಹೆದರಿಕೆ" ಎಂದು ಹೇಳಿ ಕಾರಿನಿಂದ ಇಳಿದು ನಟ್ಟು ನೋಡಲು ಹೋದರು.

ಆ ಸಲ ಮಳೆ ಚೆನ್ನಾಗಿ ಆಗಿ ಕೆರೆಗಳೆಲ್ಲ ತುಂಬಿದ್ದವು. ಒಂದು ಬೆಳಿಗ್ಗೆ ಜಡಿಗೇನಹಳ್ಳಿ ಕಡೆಯ ಒಂದು ಹಳ್ಳಿಯಿಂದ ಪಿಳ್ಳಪ್ಪ ಎಂಬ ಯುವಕ ಯಾರದೋ ಸೈಕಲ್ ತುಳಿದುಕೊಂಡು ಬಂದ. ಮಾತು ಹೊರಡದಷ್ಟು ಏದುಸಿರು. ಹೆಂಡತಿ ಮುನಿತಾಯಮ್ಮನಿಗೆ ಚೊಚ್ಚಲ ಹೆರಿಗೆ. ಮೊನ್ನೆಯಿಂದ ನೋವು ತಿನ್ನುತ್ತಿದ್ದಾಳೆ. "ಕೈ ಈಚೆಗೆ ಬಂದದೆ ಅಮ್ಮಾವ್ರೆ. ತಲೆ ಇಲ್ಲ, ಬರೀ ಕೈ" ಎಂದ.

ಡಾಕ್ಟರಮ್ಮ ಚೀಲ ಎತ್ತಿಕೊಂಡರು. ಅವತ್ತೂ ಗಾಲಿಗಳನ್ನು ಮುಟ್ಟಿ ನೋಡಿಯೇ ಹೊರಟರು. ಆದರೂ ದಾರಿಯಲ್ಲಿ ಹಿಂದಿನ ಎಡಗಾಲಿಗೆ ಲಾಳದ ಮೊಳೆ ಚುಚ್ಚಿತು. ಬೋಳು ಟೈರು ಅಂಚಿನುದ್ದಕ್ಕೂ ಸೀಳಿ, ಟ್ಯೂಬೂ ಗಾಳಿ ತುಂಬುವ ಬಾಯಿಯ ಬುಡದಲ್ಲೇ ಹರಿದಿದ್ದರಿಂದ ತೇಪೆ ಹಾಕುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಹೊಲಿಗೆ ಹಾಕಿದ ಆ ಸ್ಟೆಪ್ನಿಯನ್ನೇ ಹಾಕಿದೆವು. ನಟ್ಟು ಬಿಗಿಯುವಾಗ ಅವರ ಕೈಯಿಂದ ಪಾನ ಜಾರಿ ಜಾರಿ ಬೀಳುತ್ತಿತ್ತು.

ಮುನಿತಾಯಮ್ಮನನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ಹದಿನೇಳೋ ಹದಿನೆಂಟೋ ಇರಬಹುದು. ಕಣ್ಣು ಗುಳಿಬಿದ್ದು ತುಟಿ ಒಣಗಿತ್ತು. ಹೊರಬಂದಿದ್ದ ಪುಟ್ಟ ಕೈ ನೀಲಿಗಟ್ಟಿ ತಣ್ಣಗಾಗಿತ್ತು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ನನ್ನತ್ತ ನೋಡಿ ತಲೆಯಾಡಿಸಿದರು. ಮಗು ಹೋಗಿತ್ತು. ಮಗುವನ್ನು ತೆಗೆಯದಿದ್ದರೆ ತಾಯಿಯೂ ಉಳಿಯುವುದಿಲ್ಲ. ಅದನ್ನು ತೆಗೆಯಲು ಮತ್ತಿನ ಮದ್ದು ಕೊಡಬೇಕು, ಇನ್ನೊಬ್ಬ ಡಾಕ್ಟರು ಬೇಕು. ಬೆಂಗಳೂರಿನ ದೊಡ್ಡಾಸ್ಪತ್ರೆಗೇ ಹೋಗಬೇಕು.

ಮುನಿತಾಯಮ್ಮನನ್ನು ಕಂಬಳಿಯಲ್ಲಿ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಡಾಕ್ಟರಮ್ಮ ಮತ್ತೆ ಗಾಲಿಯ ಮುಂದೆ ಕೂತರು. ಮುನಿತಾಯಮ್ಮನ ಅತ್ತೆ ಸಿಟ್ಟಿನಿಂದ ಕೂಗಿಕೊಂಡಳು.

"ಅಯ್ಯೋ ನಮ್ಮವ್ವ, ಒಳ್ಗೆ ಎಣ್ಣು ಸಾಯ್ತಾವ್ಳೆ, ನೀವು ಗಾಲಿ ಸವರ್ಕೊಂಡು ಕುಂತವ್ರಲ್ಲ! ಎದ್ದು ನಡೀರಿ!"

ಡಾಕ್ಟರಮ್ಮ ಏಳಲಿಲ್ಲ. ನಾನು ಬಗ್ಗಿ ನೋಡಿದೆ. ಎಡಗಾಲಿಯ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ದಾರಗಳ ನಡುವೆ ತೊಗಲಿನ ತೇಪೆ ಹೊರಗೆ ಉಬ್ಬಿ ನಿಂತಿತ್ತು. ಮುಂದೆ ಹೊಸಕೋಟೆಗೆ ಹೋಗುವ ದಾರಿಯಲ್ಲಿ ಒಂದು ಕೆರೆ ಏರಿ ದಾಟಬೇಕು. ಬರುವಾಗ ದಾಟಿಯೇ ಬಂದಿದ್ದೆವು. ಒಂದು ಪಕ್ಕ ತುಂಬಿದ ನೀರು, ಇನ್ನೊಂದು ಪಕ್ಕ ಕೆಳಗೆ ಗದ್ದೆಗೆ ಕಡಿದಾದ ಇಳಿಜಾರು. ಕಾರೊಂದು ಹೋಗುವಷ್ಟೇ ಅಗಲ.

"ಗಾಡಿ ಕಟ್ಟಿಸೋಣವಾ ಅಮ್ಮ?" ಎಂದೆ.

"ಗಾಡಿ ಹೋಗಿ ಸೇರೋ ಹೊತ್ತಿಗೆ ಇವಳಿರಲ್ಲ."

ಅವರು ಆ ಗಾಲಿಯ ಗಾಳಿಯನ್ನು ಸ್ವಲ್ಪ ಇಳಿಸಿದರು. ಪಿಳ್ಳಪ್ಪನನ್ನು ಬಲಗಡೆಯ ಫುಟ್‌ಬೋರ್ಡಿನ ಮೇಲೆ ನಿಲ್ಲಲು ಹೇಳಿದರು, ಎಡಗಡೆಗೆ ಭಾರ ಕಡಿಮೆಯಾಗಲಿ ಎಂದು. ಅತ್ತೆ ಹಿಂದೆ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಹೊರಟೆವು.

ಏರಿಯ ತಲೆಗೆ ಬಂದಾಗ ಕಾರು ನಿಂತಿತು. ಕೆಟ್ಟು ನಿಂತದ್ದಲ್ಲ, ಡಾಕ್ಟರಮ್ಮ ನಿಲ್ಲಿಸಿದ್ದು.

"ಕಾಲು ಬರ್ತಾ ಇಲ್ಲ ಕಣೇ" ಎಂದರು ನನಗೆ ಮಾತ್ರ ಕೇಳುವಂತೆ. "ಪೆಡಲ್ ಮೇಲೆ ಇಟ್ಟಿದ್ದೀನಿ, ಒತ್ತೋಕಾಗ್ತಿಲ್ಲ."

ಎಡಕ್ಕೆ ನೋಡಿದರೆ ಕಿಟಕಿಯ ಕೆಳಗೆ ನೆಲವೇ ಇಲ್ಲ, ಆಳದಲ್ಲಿ ಗದ್ದೆ. ನನಗೆ ಇಳಿದು ಓಡಿಬಿಡಬೇಕು ಅನ್ನಿಸಿತು. ಹಿಂದಿನ ಸೀಟಿನಿಂದ ಮುನಿತಾಯಮ್ಮನ ನರಳಾಟ ಕೇಳಿಸುತ್ತಿತ್ತು. ಅದು ಕ್ಷೀಣಿಸುತ್ತಿತ್ತು. ಆಗ, ಸ್ವಲ್ಪ ಹೊತ್ತಿನ ಮುಂಚೆ ಬೈದಿದ್ದ ಆ ಅತ್ತೆ ಹಿಂದಿನಿಂದ ಕೈ ಚಾಚಿ ಡಾಕ್ಟರಮ್ಮನ ಹೆಗಲ ಮೇಲಿಟ್ಟಳು. ಮಣ್ಣು ಮೆತ್ತಿದ, ಬಳೆ ತೊಟ್ಟ ಒರಟು ಕೈ.

"ನಾನ್ ಇಡ್ಕೊಂಡಿವ್ನಿ. ನಡಿ ನಮ್ಮವ್ವ" ಎಂದಳು.

ಕಾರು ಕದಲಿತು. ಆಳಿನ ನಡಿಗೆಗಿಂತ ಜೋರಿರಲಿಲ್ಲ. ಆ ಕೈ ಹೆಗಲ ಮೇಲೇ ಇತ್ತು. ಪಿಳ್ಳಪ್ಪ ಫುಟ್‌ಬೋರ್ಡಿನ ಮೇಲೆ ನಿಂತು ನೀರಿನ ಕಡೆ ಮೈ ಬಾಗಿಸಿದ್ದ. ಏರಿಯ ಅರ್ಧ ದಾಟಿತು. ತೂಬಿನ ಕಲ್ಲು ಹಿಂದಾಯಿತು. ಇನ್ನೇನು ಇಳಿಜಾರು ಮುಗಿದು ನೆಲ ಸಿಗುತ್ತದೆ ಎನ್ನುವಾಗ ಬಂದೂಕು ಹೊಡೆದ ಹಾಗೆ ಸದ್ದಾಯಿತು.

ಕಾರಿನ ಹಿಂಭಾಗ ಎಡಕ್ಕೆ ಕುಸಿದು ಗದ್ದೆಯ ಕಡೆ ಎಳೆಯಿತು. ನಾನು ಕಿರುಚಿದೆ. ಡಾಕ್ಟರಮ್ಮ ಕಿರುಚಲಿಲ್ಲ. ಬ್ರೇಕನ್ನೂ ಮೆಟ್ಟಲಿಲ್ಲ. ಎದೆಯನ್ನು ಸ್ಟೀರಿಂಗಿಗೆ ಒತ್ತಿ, ಇಡೀ ಮೈಯಿಂದ ಅದನ್ನು ನೆಟ್ಟಗೆ ಹಿಡಿದುಕೊಂಡಿದ್ದರು. ಪಿಳ್ಳಪ್ಪ ಹಾರಿ, ಕಾರಿನ ಹಿಂದೆ ಸುತ್ತಿ ಬಂದು, ಇಳಿಜಾರಿನ ಕಡೆಯಿಂದ ಭುಜ ಕೊಟ್ಟ. ಕಾರು ಉಳಿದಿದ್ದಷ್ಟು ಏರಿಯನ್ನು ತೆವಳಿಕೊಂಡು ಹೋಗಿ ನಿಂತಿತು. ಇಳಿದು ನೋಡಿದೆ. ಹರಿದ ಟೈರಿನಿಂದ ಏರಿಯ ಅಂಚಿಗೆ ನನ್ನ ಅಂಗೈ ಇಡುವಷ್ಟೇ ಜಾಗ.

ಡಾಕ್ಟರಮ್ಮ ಕೆಳಗಿಳಿದವರು ರಸ್ತೆಯ ಬದಿಯಲ್ಲಿ ವಾಂತಿ ಮಾಡಿಕೊಂಡರು. ಸೆರಗಿನಿಂದ ಬಾಯಿ ಒರೆಸಿಕೊಂಡು ಮೊದಲು ಕೇಳಿದ್ದು, "ಅವಳ ನಾಡಿ ನೋಡು."

ನಾಡಿ ಇತ್ತು. ದಾರದಷ್ಟು ಸಣ್ಣಗೆ ಓಡುತ್ತಿತ್ತು.

ಉಪಯೋಗಕ್ಕೆ ಬರುವ ಬೇರೆ ಟೈರಿಲ್ಲ. ಹೊಸಕೋಟೆ ಇನ್ನೂ ದೂರ. ಬರೀ ಕಬ್ಬಿಣದ ಮೇಲೆ ಓಡಿಸಿದರೆ ಆ ಕುಲುಕಾಟಕ್ಕೇ ಮುನಿತಾಯಮ್ಮ ಹೋಗುತ್ತಾಳೆ. ಡಾಕ್ಟರಮ್ಮ ಸುತ್ತ ನೋಡಿದರು. ಏರಿ ಮುಗಿಯುವಲ್ಲಿ ಯಾರದೋ ಕಣದಲ್ಲಿ ರಾಗಿ ಹುಲ್ಲಿನ ಮೆದೆ ಇತ್ತು.

"ಲಾರಿಯವರು ಒಂದ್ಸಲ ಹೇಳಿದ್ರು, ಹುಲ್ಲು ತುಂಬಿ ಓಡಿಸ್ತಾರಂತೆ" ಎಂದರು. ಅವರ ದನಿಯಲ್ಲಿ ನಂಬಿಕೆಯೇನೂ ಇರಲಿಲ್ಲ.

ಪಿಳ್ಳಪ್ಪ ಓಡಿದ. ಗದ್ದೆಯಲ್ಲಿದ್ದ ಆಳುಗಳೂ ಸದ್ದು ಕೇಳಿ ಬಂದಿದ್ದರು. ಟ್ಯೂಬು ಕಿತ್ತೆಸೆದು, ಹುಲ್ಲನ್ನು ಕೆರೆಯ ನೀರಿನಲ್ಲಿ ಅದ್ದಿ ಹುರಿ ಮಾಡಿ, ಟೈರಿನೊಳಗೆ ಸುತ್ತಿ ಸುತ್ತಿ ತುರುಕಿದರು. ಹಾರೆಯ ತುದಿಯಿಂದ ಒತ್ತೊತ್ತಿ ಗಿಡಿದರು. ಹರಿದ ಕಡೆ ಒಂದು ಹಳೆಯ ಚಪ್ಪಲಿಯ ಅಟ್ಟೆಯಿಟ್ಟು ಹಗ್ಗದಿಂದ ಬಿಗಿದರು. ಅಷ್ಟು ಹೊತ್ತೂ ನಾನು ಮುನಿತಾಯಮ್ಮನ ಮಣಿಕಟ್ಟು ಹಿಡಿದು ಕೂತಿದ್ದೆ. ಒಂದೆರಡು ಸಲ ನಾಡಿ ಸಿಗಲಿಲ್ಲ. ನನ್ನ ಬೆರಳೇ ನಡುಗುತ್ತಿತ್ತೋ, ನಾಡಿಯೇ ನಿಂತಿತ್ತೋ ತಿಳಿಯದೆ ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದೆ. ಅವಳು ಕಣ್ಣು ಬಿಟ್ಟು, "ಏನಕ್ಕಾ ಅದು ಸಬ್ದ?" ಎಂದಳು. "ಏನಿಲ್ಲ, ಪಟಾಕಿ" ಎಂದೆ.

ಆ ಹುಲ್ಲಿನ ಗಾಲಿಯ ಮೇಲೆ ಹೊಸಕೋಟೆ ಮುಟ್ಟಿದೆವು. ದಾರಿಯುದ್ದಕ್ಕೂ ಡಾಕ್ಟರಮ್ಮ ನನಗೆ, "ಮಾತಾಡು, ಏನಾದ್ರೂ ಮಾತಾಡ್ತಾ ಇರು" ಎನ್ನುತ್ತಿದ್ದರು. ಬಸ್ಸಾರು ಮಾಡುವುದು ಹೇಗೆ, ನಮ್ಮೂರಿನ ಎಮ್ಮೆ ಹೇಗೆ ಒದೆಯುತ್ತದೆ, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋದೆ. ಅವರು "ಹೂಂ, ಆಮೇಲೆ?" ಎನ್ನುತ್ತಿದ್ದರು. ಪೇಟೆಯಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಬೆಂಗಳೂರಿನ ಬಸ್ಸು ಹೊಗೆ ಕಾರುತ್ತ ಹೊರಡಲು ನಿಂತಿತ್ತು. ನಮ್ಮ ಕಾರು ಬಂದ ರೀತಿಯನ್ನೂ ಒಳಗಿದ್ದ ಹೆಂಗಸನ್ನೂ ನೋಡಿ ಜನ ತಾವಾಗಿಯೇ ಬಸ್ಸಿನಿಂದ ಇಳಿದರು. ಮುನಿತಾಯಮ್ಮನನ್ನು ಸೀಟುಗಳ ನಡುವೆ ಮಲಗಿಸಿದೆವು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರಲಾರದ ಡಾಕ್ಟರಮ್ಮ ಅವಳ ಪಕ್ಕ ನೆಲದ ಮೇಲೆ ಕೂತು, ಕಣ್ಣು ಮುಚ್ಚಿ, ಬೆಂಗಳೂರಿನವರೆಗೂ ಅವಳ ಕೈ ಬಿಡಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯದೆಯೇ ಸತ್ತ ಮಗುವನ್ನು ತೆಗೆದರು. ಗಂಡು. ಮುನಿತಾಯಮ್ಮನಿಗೆ ಜ್ವರ ಬಂದು ಒಂದು ವಾರ ಹೋಗುತ್ತಾಳೋ ಇರುತ್ತಾಳೋ ಎಂಬ ಹಾಗಿದ್ದಳು. ಉಳಿದಳು.

ಕಾರು ಆಸ್ಪತ್ರೆಯ ಅಂಗಳದಲ್ಲಿ ಕಲ್ಲಿನ ಮೇಲೆ ಏರಿತು. ಟೈರಿಗೆ ಅರ್ಜಿ ಹಾಕಿದರೂ ಸಿಗಲಿಲ್ಲ. ಡಾಕ್ಟರಮ್ಮ ಎತ್ತಿನ ಗಾಡಿಯಲ್ಲಿ ತಿರುಗಿದರು. ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು. ಬಾಗಿಲು ಜೋರಾಗಿ ಬಡಿದರೂ ಬೆಚ್ಚಿಬೀಳುತ್ತಿದ್ದರು. ಈ ಕೆಲಸ ಬಿಟ್ಟು ಮೈಸೂರಿಗೆ ಹೋಗಿಬಿಡುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಮರುವರ್ಷ ಮುನಿತಾಯಮ್ಮ ಅತ್ತೆಯೊಂದಿಗೆ ಆಸ್ಪತ್ರೆಗೆ ಬಂದಳು. ಮತ್ತೆ ಬಸುರಿ. ಬೆಂಚಿನ ಮೇಲೆ ಕೂತವಳು ಅಳಲು ಶುರುಮಾಡಿದಳು.

"ನಂಗೆ ಬ್ಯಾಡ ಅಮ್ಮಾವ್ರೆ. ಕಣ್ ಮುಚ್ಚುದ್ರೆ ಆ ಏರಿ, ಆ ಸಬ್ದ. ನಂಗೆ ಅದ್ರುಕೆ."

ಧೈರ್ಯವಾಗಿರು ಎಂದು ಡಾಕ್ಟರಮ್ಮ ಹೇಳುತ್ತಾರೆ ಎಂದು ಕಾದೆ. ಡಾಕ್ಟರುಗಳು ಹೇಳುವುದು ಅದನ್ನೇ. ಅವರು ಅವಳ ಪಕ್ಕ ಕೂತು, "ನನಗೂ ಅದೇ ಕಾಣುತ್ತೆ ಕಣಮ್ಮ" ಎಂದರು. "ಆ ಏರಿ ಮೇಲೆ ನಿನ್ನ ಕೂರಿಸ್ಕೊಂಡು ಇನ್ನೊಂದ್ಸಲ ಬರೋಕೆ ನನ್ನ ಕೈಲಾಗಲ್ಲ. ನಾನೇ ಮುಂಚೆ ಬಂದು ನಿಮ್ಮನೇಲಿ ಇದ್ದುಬಿಡ್ತೀನಿ. ಇಬ್ರೂ ಹೆದರ್ಕೊಂಡು ಕೂತಿರೋಣ."

ಹಾಗೆಯೇ ಮಾಡಿದರು. ದಿನ ಹತ್ತಿರವಾದಾಗ ರಜೆ ಹಾಕಿ, ನನ್ನನ್ನೂ ಕರೆದುಕೊಂಡು, ಗಾಡಿಯಲ್ಲಿ ಆ ಹಳ್ಳಿಗೆ ಹೋದರು. ಏರಿ ಬಂದಾಗ ಗಾಡಿಯಿಂದ ಇಳಿದು ನಡೆದೇ ದಾಟಿದರು. ಪಿಳ್ಳಪ್ಪನ ಮನೆಯ ಜಗಲಿಯಲ್ಲಿ ಮಲಗಿ, ಮುದ್ದೆ ಉಂಡು, ಹಿತ್ತಲಲ್ಲಿ ಅತ್ತೆಯ ಜೊತೆ ಅವರೆಕಾಯಿ ಬಿಡಿಸುತ್ತ ಇದ್ದರು.

ನೋವು ಬಂದದ್ದು ಒಂದು ಬೆಳಿಗ್ಗೆ. ಈ ಸಲ ಮಗುವಿನ ತಲೆ ಸರಿಯಾಗಿ ಕೆಳಗಿತ್ತು. ಆದರೂ ಮಧ್ಯೆ ನೋವು ನಿಂತುಹೋಯಿತು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಆ ಕೈ ನಡುಗತೊಡಗಿತು. ನನಗೆ ಕಂಡಿತು. ಮಲಗಿದ್ದ ಮುನಿತಾಯಮ್ಮನಿಗೂ ತಿಳಿಯಿತು. ಅವಳು ಬೆವೆತ ತನ್ನ ಕೈಯಿಂದ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮಾವ್ರೆ, ಅದ್ರುಕೋಬ್ಯಾಡಿ" ಎಂದಳು. "ಬತ್ತದೆ ಬುಡಿ."

ಡಾಕ್ಟರಮ್ಮ ನಕ್ಕರು. ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕರು. ಅವರು ನಕ್ಕಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಹೊಕ್ಕುಳಬಳ್ಳಿ ಕತ್ತರಿಸಿ, ಮಗುವನ್ನು ಅತ್ತೆಯ ಕೈಗೆ ಕೊಟ್ಟು, ತಾಯಿಗೆ ಮಾಡಬೇಕಾದ್ದನ್ನೆಲ್ಲ ಮುಗಿಸಿ ಅವರು ಹೊರಗೆ ಬಂದರು. ಗೋಡೆಗೊರಗಿ ನೆಲದ ಮೇಲೆ ಕುಸಿದು ಕೂತರು. ಮಗುವಿನ ಅಳು ಇಡೀ ಬೀದಿಗೆ ಕೇಳುತ್ತಿತ್ತು.

"ಅಳ್ತಾ ಇದೆ ತಾನೇ?" ಎಂದು ನನ್ನನ್ನು ಕೇಳಿದರು.

"ಅಳ್ತಾ ಇದೆ ಅಮ್ಮ."

"ಇನ್ನೊಂದ್ಸಲ ಹೇಳು."

"ಅಳ್ತಾ ಇದೆ ಅಮ್ಮ" ಎಂದೆ.